ಲೈನಿಂಗ್ ಬಟ್ಟೆ ನೆನೆಸಿಟ್ಟ ಹಾಗೆ

ನನ್ನ ಅಂಗಡಿಗೆ ಬ್ಲೌಸ್ ಹೊಲಿಸಲು ಬರುವವರೆಲ್ಲ ಕೇಳುವುದು ಒಂದೇ ಮಾತು. "ಯಾವಾಗ ಕೊಡ್ತೀರಾ?" ಅರ್ಜೆಂಟ್ ಇದ್ದವರಿಗೆ ಲೈನಿಂಗ್ ಬಟ್ಟೆ ನೆನೆಸಬೇಕು ಅಂದರೆ ಮುಖ ಸಣ್ಣದಾಗುತ್ತದೆ. ಹೊಸ ಲೈನಿಂಗ್ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗುತ್ತದೆ, ಮೇಲಿನ ರೇಷ್ಮೆ ಹಾಗೇ ಇರುತ್ತದೆ. ಎದೆಯ ಮೇಲೆಲ್ಲ ಸುಕ್ಕು. ಆಮೇಲೆ ಹೊಲಿಗೆ ಬಿಚ್ಚಿ ಹಾಕಿದರೂ ಅದು ಸರಿಹೋಗುವುದಿಲ್ಲ. ತುಮಕೂರಿನಲ್ಲಿ ಕೂತು 22 ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ.

ನನ್ನ ಎದೆಯ ವಿಷಯ ಬಂದಾಗ ಮಾತ್ರ ಇದು ನನಗೆ ಹೊಳೆಯಲಿಲ್ಲ. ಬೇರೆಯವರು ನೆನಪಿಸಬೇಕಾಯಿತು.

2021ರ ದಸರಾ ಮುಗಿದ ವಾರ. ಹಬ್ಬದ ಆರ್ಡರ್ ಎಲ್ಲ ಕೊಟ್ಟು, ಎಷ್ಟೋ ದಿನದ ಮೇಲೆ ನಿಧಾನವಾಗಿ ಸ್ನಾನ ಮಾಡುತ್ತಿದ್ದಾಗ ಎಡಗಡೆ ಗಂಟು ಕೈಗೆ ಸಿಕ್ಕಿತು. ದಿನಕ್ಕೆ ಹತ್ತು ಹೆಂಗಸರ ಎದೆಗೆ ಟೇಪ್ ಹಿಡಿಯುವ ಕೈ ಇದು. ನನ್ನದನ್ನು ಮುಟ್ಟಿ ನೋಡಿ ಎಷ್ಟು ತಿಂಗಳಾಗಿತ್ತೋ. ಕ್ಯಾನ್ಸರ್ ಗಂಟು, ನಾಲ್ಕು ಸೆಂಟಿಮೀಟರ್ ಇತ್ತು. ಕಂಕುಳಿನ ಗ್ರಂಥಿಗಳಿಗೂ ಹೋಗಿತ್ತು. ಮೊದಲು ಕೀಮೋ, ಆಮೇಲೆ ಆಪರೇಷನ್, ಕೊನೆಗೆ ರೇಡಿಯೇಷನ್ ಎಂದು ಬರೆದುಕೊಟ್ಟರು. ಆಗ ನನಗೆ 45.

ಮೊದಲು ನೋಡಿದ ಸರ್ಜನ್ ಒಳ್ಳೆಯವರೇ. ಆದರೆ "ಎದೆ ಪೂರ್ತಿ ತೆಗೀಬೇಕಾಗತ್ತೆ" ಅಂದಾಗ ನಾನು "ಆಮೇಲೆ?" ಅಂದೆ. "ಆಮೇಲೆ ಏನಮ್ಮಾ, ಮಕ್ಕಳು ದೊಡ್ಡವರಾಗಿದ್ದಾರಲ್ಲ" ಅಂದರು. ನಾನು ಕೇಳಿದ ಪ್ರಶ್ನೆ ಮಕ್ಕಳದ್ದಲ್ಲ. ತೆಗೆದ ಸ್ತನವನ್ನು ಮತ್ತೆ ಕಟ್ಟಬಹುದು ಎಂಬ ವಿಷಯವನ್ನು ಅಲ್ಲಿ ಯಾರೂ ಎತ್ತಲಿಲ್ಲ. ನನಗೆ ಗೊತ್ತಾಗಿದ್ದು ಕೀಮೋ ಕ್ಯೂನಲ್ಲಿ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಹೊಟ್ಟೆ ಕೊಬ್ಬು ತೆಗೆದು ಎದೆ ಮಾಡ್ತಾರಂತೆ ಕಣ್ರೀ, ಎರಡೂ ಲಾಭ" ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಫೋನ್ ಹಿಡಿದು ಕೂತೆ.

ಯಶವಂತಪುರದಲ್ಲಿರುವ ತಂಗಿ ಕೂಡಲೇ ತೀರ್ಮಾನ ಕೊಟ್ಟಳು. "ಅಕ್ಕಾ, ಎಲ್ಲಾ ಒಂದೇ ಸಲ ಮುಗಿಸಿಬಿಡು. ತೆಗೆಯೋ ದಿನವೇ ಕಟ್ಟಿಸ್ಕೊ. ಎರಡೆರಡು ಸಲ ಯಾರು ಆಸ್ಪತ್ರೆಗೆ ಅಲೀತಾರೆ?" ನನಗೂ ಅದೇ ಸರಿ ಅನಿಸಿತು. ಒಂದೇ ಅರಿವಳಿಕೆ, ಅಂಗಡಿಗೆ ಒಂದೇ ರಜೆ, ಒಂದೇ ನೋವು. ಅವಳೇ ಬೆಂಗಳೂರಿನಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕರೆದುಕೊಂಡು ಹೋದಳು.

ಆ ಡಾಕ್ಟರ್ ಹೆಂಗಸು. ವಯಸ್ಸು ನನಗಿಂತ ಕಮ್ಮಿ. ಫೈಲ್ ತೆಗೆದು ಮೊದಲು ನೋಡಿದ್ದು ಎದೆಯ ಸ್ಕ್ಯಾನ್ ಅಲ್ಲ, ಕಂಕುಳಿನ ರಿಪೋರ್ಟ್. "ರೇಡಿಯೇಷನ್ ಇದೆ ಅಲ್ವಾ?" ಅಂದರು. ಇದೆ ಅಂದೆ. ಪೆನ್ನು ಕೆಳಗಿಟ್ಟರು. "ಹಾಗಿದ್ರೆ ಈಗ ಬೇಡ."

ತಂಗಿಗೆ ಸಿಟ್ಟು ಬಂತು. ನನಗೆ ಅಳು. ಡಾಕ್ಟರ್ ಒಂದು ಹಾಳೆಯ ಹಿಂದೆ ಚಿತ್ರ ಬರೆದು ವಿವರಿಸಿದರು. ತೆಗೆದ ದಿನವೇ ಕಟ್ಟುವುದರಲ್ಲಿ ಲಾಭ ಸಣ್ಣದಲ್ಲ ಎಂದು ಅವರೇ ಒಪ್ಪಿಕೊಂಡರು. ಸ್ತನದ ಚರ್ಮವನ್ನು ಹಾಗೇ ಉಳಿಸಿ ಒಳಗಿನದನ್ನು ಮಾತ್ರ ತೆಗೆಯಬಹುದು. ಕ್ಯಾನ್ಸರ್ ದೂರ ಇದ್ದರೆ ತೊಟ್ಟನ್ನೂ ಉಳಿಸಬಹುದು. ಚೀಲ ನಿಮ್ಮದೇ, ಒಳಗೆ ತುಂಬುವುದಷ್ಟೇ ಹೊಸದು. ಹಾಗಾಗಿ ಆಕಾರ ಚೆನ್ನಾಗಿ ಬರುತ್ತದೆ. ಎಚ್ಚರವಾದಾಗ ಎದೆ ಖಾಲಿ ಇರುವುದಿಲ್ಲ, ಅದೂ ಒಂದು ದೊಡ್ಡ ಸಮಾಧಾನ.

ಆದರೆ ರೇಡಿಯೇಷನ್ ಬಿದ್ದ ಜಾಗ ಬಿಗಿಯುತ್ತದೆ, ರಕ್ತ ಓಡಾಟ ಕಮ್ಮಿಯಾಗುತ್ತದೆ. ಸಿಲಿಕಾನ್ ಇಂಪ್ಲಾಂಟ್, ಅಂದರೆ ಸ್ತನದ ಜಾಗಕ್ಕೆ ಒಳಗೆ ಇಡುವ ಮೆತ್ತನೆಯ ಚೀಲ, ಇಟ್ಟರೆ ದೇಹ ಅದರ ಸುತ್ತ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದಂತೆ. ಅದು ಎಲ್ಲರಲ್ಲೂ ಆಗುವುದೇ. ರೇಡಿಯೇಷನ್ ಆದವರಲ್ಲಿ ಆ ಪೊರೆ ಗಟ್ಟಿಯಾಗಿ ಹಿಂಡುವುದು ಜಾಸ್ತಿ. ಎದೆ ಕಲ್ಲಿನ ಹಾಗಾಗಿ ಮೇಲಕ್ಕೆ ಎಳೆದುಕೊಳ್ಳಬಹುದು, ನೋಯಬಹುದು, ಕೊನೆಗೆ ತೆಗೆಯಬೇಕಾಗಿಯೂ ಬರಬಹುದು. ಹೊಟ್ಟೆಯ ಕೊಬ್ಬಿನಿಂದ ಕಟ್ಟಿದ್ದರೂ ಕಿರಣ ಬಿದ್ದರೆ ಕುಗ್ಗುವ, ಒಳಗೆ ಗಂಟು ಕಟ್ಟುವ ಸಾಧ್ಯತೆ ಇದೆ. "ಹೊಟ್ಟೆಯದನ್ನ ಮೊದಲೇ ಕಟ್ಟಿ ಆಮೇಲೆ ರೇಡಿಯೇಷನ್ ಕೊಟ್ರೂ ಪರವಾಗಿಲ್ಲ ಅನ್ನೋ ಸರ್ಜನ್‌ಗಳಿದ್ದಾರೆ. ನಾನು ಕಾಯೋ ಕಡೆಯವಳು" ಅಂದರು. ಆಮೇಲೆ ನನ್ನ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪ್ ನೋಡಿದರು. ಅಂಗಡಿಯಿಂದ ಹಾಗೇ ಬಂದಿದ್ದೆ. "ನೀವು ಟೈಲರ್ ಅಲ್ವಾ? ಕುಗ್ಗೋ ಬಟ್ಟೇನ ಕತ್ತರಿಸೋ ಮುಂಚೆ ಏನು ಮಾಡ್ತೀರಾ?"

ಇನ್ನು ಕೇಳುವುದಕ್ಕೇನೂ ಉಳಿಯಲಿಲ್ಲ. ನೆನೆಸುತ್ತೇನೆ ಮೇಡಂ ಅಂದೆ.

ಮಧ್ಯದ ದಾರಿಯೂ ಒಂದಿದೆ ಎಂದು ಆವತ್ತೇ ಹೇಳಿದರು. ರೇಡಿಯೇಷನ್ ಬೇಕೋ ಬೇಡವೋ ಎಂದು ಮೊದಲೇ ಗೊತ್ತಾಗದವರಿಗೆ ಅದು. ಚರ್ಮ ಉಳಿಸಿ, ಒಳಗೆ ಬಲೂನಿನಂಥ ಎಕ್ಸ್‌ಪ್ಯಾಂಡರ್ ಇಡುತ್ತಾರೆ. ಆಪರೇಷನ್‌ನಲ್ಲಿ ತೆಗೆದದ್ದರ ಬಯಾಪ್ಸಿ ರಿಪೋರ್ಟ್ ಬರುವವರೆಗೆ ಅದು ಜಾಗ ಹಿಡಿದಿರುತ್ತದೆ. ರೇಡಿಯೇಷನ್ ಬೇಡ ಅಂತಾದರೆ ಒಪಿಡಿಯಲ್ಲೇ ಸಲೈನ್ ತುಂಬುತ್ತಾ ಹೋಗಿ, ಆಮೇಲೆ ಬಲೂನ್ ತೆಗೆದು ಪಕ್ಕಾ ಕೆಲಸ ಮಾಡುತ್ತಾರೆ. ನಮ್ಮ ಭಾಷೆಯಲ್ಲಿ ಕಚ್ಚಾ ಹೊಲಿಗೆ. ನನ್ನ ಕೇಸಿನಲ್ಲಿ ರೇಡಿಯೇಷನ್ ಖಚಿತ ಇದ್ದದ್ದರಿಂದ ಅದರ ಮಾತು ಅಲ್ಲಿಗೇ ನಿಂತಿತು.

2022ರ ಮೇ ಕೊನೆಯಲ್ಲಿ ಎಡ ಸ್ತನ ತೆಗೆದರು. ಪಕ್ಕದ ಬೆಡ್ಡಿನಲ್ಲಿ 38 ವರ್ಷದ ಹುಡುಗಿ ಇದ್ದಳು. ಅವಳದ್ದು ಹಾಲಿನ ನಾಳಗಳ ಒಳಗೇ ಇದ್ದ, ಹೊರಗೆ ಬಂದಿರದ ಕ್ಯಾನ್ಸರ್. ಆದರೆ ಸ್ತನದ ತುಂಬ ಹರಡಿತ್ತು, ಪೂರ್ತಿ ತೆಗೆಯಲೇಬೇಕಿತ್ತು. ಕೀಮೋ ಇಲ್ಲ, ರೇಡಿಯೇಷನ್ ಇಲ್ಲ. ಅವಳಿಗೆ ಅದೇ ದಿನ ಇಂಪ್ಲಾಂಟ್ ಹಾಕಿದರು. ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಇಬ್ಬರ ಪಕ್ಕದಲ್ಲೂ ರಕ್ತ ಮಿಶ್ರಿತ ನೀರು ಇಳಿಯುವ ಡ್ರೈನ್ ನೇತಾಡುತ್ತಿತ್ತು, ಇಬ್ಬರೂ ಬೆಳಿಗ್ಗೆ ಎಷ್ಟು ಎಂಎಲ್ ಬಂತು ಎಂದು ಬರೆದಿಡುತ್ತಿದ್ದೆವು. ಆದರೆ ಅವಳು ನೈಟಿ ಸರಿಮಾಡಿಕೊಳ್ಳುವಾಗ ನಾನು ಗೋಡೆ ಕಡೆ ತಿರುಗುತ್ತಿದ್ದೆ.

ಆಮೇಲೆ ಫೋನಿನಲ್ಲಿ ಮಾತಾಡುವಾಗ ಹೇಳಿದಳು. ಅವಳ ಹೊಲಿಗೆಯ ಅಂಚಿನಲ್ಲಿ ಚರ್ಮ ಕಪ್ಪಾಗಿ, ಐದು ವಾರ ಡ್ರೆಸ್ಸಿಂಗ್‌ಗೆ ಓಡಾಡಿದಳಂತೆ. ಉಳಿಸಿದ ಚರ್ಮಕ್ಕೆ ರಕ್ತ ಸಾಲದಿದ್ದರೆ ಹಾಗಾಗುತ್ತದೆ. ಅವಳಿಗೆ ಮುಂದೆ ಬೇರೆ ಚಿಕಿತ್ಸೆ ಇರಲಿಲ್ಲ, ನಡೆಯಿತು. ನನ್ನಂಥವಳಿಗೆ ಹಾಗಾಗಿದ್ದರೆ ಗಾಯ ಒಣಗುವವರೆಗೆ ರೇಡಿಯೇಷನ್ ನಿಲ್ಲಿಸಬೇಕಿತ್ತು. ಆವತ್ತು ಹೊಟ್ಟೆಕಿಚ್ಚು ಇಳಿಯಿತು ಅಂತಲ್ಲ. ಅವಳ ಹೊತ್ತು ಬೇರೆ, ನನ್ನ ಹೊತ್ತು ಬೇರೆ ಅನ್ನುವುದು ಅರ್ಥವಾಯಿತು. ಅವಳದ್ದು ಈಗ ಚೆನ್ನಾಗಿದೆ. ಫೋಟೋ ಕಳಿಸಿದ್ದಳು, ಬ್ಲೌಸ್ ಫಿಟ್ಟಿಂಗ್ ಒಂದು ಮಾತ್ರ ಹಾಳು.

ರೇಡಿಯೇಷನ್ ಜುಲೈನಲ್ಲಿ. ಮೂರು ವಾರ, 15 ಸಿಟ್ಟಿಂಗ್. ತಂಗಿಯ ಮನೆಯಲ್ಲೇ ಇದ್ದೆ. ಕಿರಣ ಬೀಳುವುದು ಕೆಲವೇ ನಿಮಿಷ, ಅದಕ್ಕೆ ಕಾಯುವುದು ಎರಡು ಗಂಟೆ. ಎರಡನೇ ವಾರದ ಕೊನೆಗೆ ಎದೆ ಸೀದ ಹಪ್ಪಳದ ಬಣ್ಣಕ್ಕೆ ಬಂತು. ಅದು ಮುಗಿದ ಮೇಲೆ ಪ್ರತಿ ತಿಂಗಳೂ ಒಂದು ಕೆಲಸ ಮಾಡುತ್ತಿದ್ದೆ. ಕೊರಳ ಗುಂಡಿಯಿಂದ ಗಾಯದ ಗೆರೆಯ ಒಂದು ಮಚ್ಚೆಯವರೆಗೆ ಟೇಪ್ ಹಿಡಿದು ಅಳೆದು, ಆರ್ಡರ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುವುದು. ಆರು ತಿಂಗಳಲ್ಲಿ ಅರ್ಧ ಇಂಚು ಕಮ್ಮಿಯಾಯಿತು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಒಂದು ದಿನ ತಪ್ಪಿದರೂ ಕೈ ಮೇಲೇಳುತ್ತಿರಲಿಲ್ಲ. ಎಂಟನೇ ತಿಂಗಳಿನಿಂದ ಅಳತೆ ಅಲ್ಲೇ ನಿಂತಿತು. ಡಾಕ್ಟರ್ ಮೊದಲೇ ಹೇಳಿದ್ದರು, ಆರು ತಿಂಗಳಿಂದ ಒಂದು ವರ್ಷ ಬಿಟ್ಟು ನೋಡೋಣ ಎಂದು. ಬಟ್ಟೆ ಕುಗ್ಗಿ ಮುಗಿದಿತ್ತು.

ಕಾಯುವುದು ಪುಕ್ಕಟೆ ಅಲ್ಲ, ಅದನ್ನೂ ಹೇಳಬೇಕು. ಒಂದು ಕಡೆ ಭಾರ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಭುಜ ವಾಲುತ್ತದೆ. ಬ್ಲೌಸ್ ಎಡಕ್ಕೆ ಜಾರುತ್ತದೆ. ಸೆರಗು ಎಡಗಡೆಯೇ ಬೀಳುವುದು ಪುಣ್ಯ. ಮೊದಲ ಕೆಲವು ತಿಂಗಳು ನಾನೇ ಒಂದು ಚೀಲ ಹೊಲಿದುಕೊಂಡೆ, ಮಕ್ಕಳ ತಲೆಗೆ ಇಡುವ ರಾಗಿ ದಿಂಬು ನೆನಪಾಗಿ ಒಳಗೆ ರಾಗಿ ತುಂಬಿ. ಭಾರ ಸರಿಹೋಯಿತು, ಆಕಾರವೂ ಬಂತು. ಬೆವರು ನೋಡಿ ತಂಗಿ, "ಅಕ್ಕಾ, ಮೊಳಕೆ ಬರತ್ತೆ ನೋಡ್ತಾ ಇರು" ಅನ್ನುತ್ತಿದ್ದಳು. ಆಮೇಲೆ ಸಿಲಿಕಾನಿನ ಪ್ರೋಸ್ಥೆಸಿಸ್, ಅಂದರೆ ಕೃತಕ ಸ್ತನ, ತಂದೆ. ಒಳಗೆ ಜೇಬಿರುವ ಬ್ರಾದಲ್ಲಿ ಇಡುವುದು ಅದನ್ನು. ಒಂದು ಮದುವೆ ಮನೆಯಲ್ಲಿ ಬಡಿಸಲು ಬಗ್ಗಿದಾಗ ಅದು ಜಾರಿ ಹೊಟ್ಟೆ ಹತ್ತಿರ ಬಂತು. ಸಾರಿನ ಬಕೆಟ್ ಅಲ್ಲೇ ಇಟ್ಟು ಬಾತ್‌ರೂಮಿಗೆ ಹೋಗಿ ಕೂತವಳು ಅರ್ಧ ಗಂಟೆ ಹೊರಗೆ ಬರಲಿಲ್ಲ.

ಆ ಎರಡು ವರ್ಷದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಓದಿದೆ. ಈ ಕಾಯುವ ವಿಷಯಕ್ಕೆ ಹಳೆಯ ಕಥೆಯೇ ಇದೆ. ಅಮೆರಿಕದಲ್ಲಿ ಹಾಲ್‌ಸ್ಟೆಡ್ ಎಂಬ ದೊಡ್ಡ ಸರ್ಜನ್ 1880ರ ದಶಕದಿಂದ ಮಾಡುತ್ತಿದ್ದ ಆಪರೇಷನ್‌ನಲ್ಲಿ ಸ್ತನದ ಜೊತೆ ಎದೆಯ ಸ್ನಾಯುವನ್ನೂ ತೆಗೆಯುತ್ತಿದ್ದರು. ಆ ಜಾಗದ ಮೇಲೆ ಏನಾದರೂ ಕಟ್ಟಿದರೆ ಕ್ಯಾನ್ಸರ್ ಮರಳಿದ್ದು ಕಾಣುವುದಿಲ್ಲ ಎಂಬ ಭಯ. ಅದೇ ಕಾಲದಲ್ಲಿ, 1895ರಲ್ಲಿ, ಜರ್ಮನಿಯ ಚೆರ್ನಿ ಎಂಬ ಸರ್ಜನ್ ಒಬ್ಬ ಹೆಂಗಸಿನ ಸೊಂಟದ ಹತ್ತಿರ ಇದ್ದ ಕೊಬ್ಬಿನ ಗಡ್ಡೆಯನ್ನು ತೆಗೆದು ಅವಳ ಎದೆಗೆ ಇಟ್ಟಿದ್ದರು. ಆದರೂ ಹಾಲ್‌ಸ್ಟೆಡ್ ಮಾತೇ ಬಹಳ ಕಾಲ ನಡೆಯಿತು. ಹೆಂಗಸರು ವರ್ಷಗಟ್ಟಲೆ ಕಾಯಬೇಕಿತ್ತು, ಕಟ್ಟುವ ಮಾತೇ ಇಲ್ಲದವರೇ ಜಾಸ್ತಿ. ಹೊಟ್ಟೆಯ ಕೆಳಭಾಗದಿಂದ ಸ್ತನ ಕಟ್ಟುವ ವಿಧಾನವನ್ನು ಹಾರ್ಟ್‌ರ‍್ಯಾಂಪ್ ಎಂಬುವರು ಪ್ರಕಟಿಸಿದ್ದು 1982ರಲ್ಲಿ. ಮತ್ತೆ ಕಟ್ಟಿದ್ದರಿಂದ ಕ್ಯಾನ್ಸರ್ ಮರಳುವುದೇನೂ ಹೆಚ್ಚಾಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಂದರೆ ಈಗ ಕಾಯುವುದು ಆ ಭಯಕ್ಕಲ್ಲ. ಕಾಯುವುದಕ್ಕೆ ಕಾರಣ ಇರಬೇಕು, ಆ ಕಾರಣ ನಮ್ಮದಾಗಿರಬೇಕು. ಡಾಕ್ಟರ್ "ಆಮೇಲೆ ನೋಡೋಣ" ಅಂದರೆ ಯಾಕೆ ಎಂದು ಕೇಳಿ.

ನನ್ನ ಯಜಮಾನರು ಒಂದೇ ಮಾತು ಹೇಳಿದರು. "ನನಗೋಸ್ಕರ ಏನೂ ಬೇಡ ಕಣೆ." ಪ್ರೀತಿಯ ಮಾತೇ, ಗೊತ್ತು. ಆದರೂ ರೇಗಿತು. ನಿಮಗೋಸ್ಕರ ಅಂತ ಯಾರು ಹೇಳಿದ್ದು? ಟೇಪ್ ಹಿಡಿದು ದಿನವಿಡೀ ಕನ್ನಡಿ ಮುಂದೆ ನಿಲ್ಲುವವಳು ನಾನು.

ಬೇಡ ಅಂದವರನ್ನೂ ನೋಡಿದ್ದೇನೆ. ನನ್ನ ವಿಷಯ ಗೊತ್ತಾದ ಮೇಲೆ ಒಬ್ಬರು ರಿಟೈರ್ಡ್ ಮೇಷ್ಟ್ರಮ್ಮ ಅಂಗಡಿಗೆ ಬಂದರು. ಎರಡೂ ಕಡೆ ತೆಗೆಸಿ ಒಂಬತ್ತು ವರ್ಷವಾಗಿದೆ. "ನನಗೆ ಪ್ಯಾಡೂ ಬೇಡ, ಆಪರೇಷನ್ನೂ ಬೇಡ. ಕೂರೋ ಬ್ಲೌಸ್ ಒಂದು ಹೊಲ್ಕೊಡಮ್ಮ ಸಾಕು" ಅಂದರು. ಎದೆಯ ಉಬ್ಬಿಗೆ ಬಟ್ಟೆ ಮಡಿಸಿ ಹಿಡಿಯುವ ಟಕ್ ಇಲ್ಲದ ಬ್ಲೌಸನ್ನು ನಾನು ಅದುವರೆಗೆ ಹೊಲಿದಿರಲಿಲ್ಲ. ಮುಂಭಾಗಕ್ಕೆ ಯೋಕ್ ಕೊಟ್ಟು, ಅದರ ಕೆಳಗೆ ಸಣ್ಣ ನೆರಿಗೆ ಹಿಡಿದೆ, ಕಂಕುಳ ಹತ್ತಿರ ಬಟ್ಟೆ ಕಮ್ಮಿ ಮಾಡಿದೆ. ಮೂರನೇ ಟ್ರಯಲ್‌ಗೆ ಸರಿಯಾಗಿ ಕೂತಿತು. ಈಗ ಅವರ ಕಡೆಯಿಂದ ಇನ್ನೂ ನಾಲ್ಕು ಜನ ಬರುತ್ತಾರೆ. ಅವರನ್ನು ನೋಡಿ ನಾನೂ ಹೀಗೇ ಇದ್ದುಬಿಡಲಾ ಎಂದು ಒಂದು ತಿಂಗಳು ಯೋಚಿಸಿದೆ. ಆಗಲಿಲ್ಲ. ಒಂದು ಕಡೆ ಇದ್ದು ಒಂದು ಕಡೆ ಇಲ್ಲದ್ದು ನನಗೆ ಒಗ್ಗಲಿಲ್ಲ, ಅಷ್ಟೇ.

ರೇಡಿಯೇಷನ್ ಲೆಕ್ಕ ಮುಗಿದ ಮೇಲೆ ಮನೆಯ ಲೆಕ್ಕ ಶುರುವಾಯಿತು. ಟೈಲರ್‌ಗೆ ಫೆಬ್ರವರಿಯಿಂದ ಮದುವೆ ಸೀಸನ್. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಆಮೇಲೆ ಗೌರಿ, ದಸರಾ, ದೀಪಾವಳಿ. ಮಷೀನ್ ತಣ್ಣಗಿರುವುದು ಆಷಾಢದಲ್ಲಿ ಮಾತ್ರ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದಿತ್ತು, ಎರಡು ತಿಂಗಳು ಮದುವೆಗಳಿಲ್ಲ. ಇಂಥ ರಜೆ ಮತ್ತೆ ಸಿಗುತ್ತದಾ? ಆದರೆ ಆ ಮೇನಲ್ಲೇ ಮಗಳ ಮದುವೆ ಆಗಿತ್ತು. ಮೊದಲ ಆಷಾಢಕ್ಕೆ ಅವಳು ತವರಿಗೆ ಬಂದು ಕೂತಳು. ಬಂದ ಮಗಳ ಮುಂದೆ ಹಾಸಿಗೆ ಹಿಡಿಯುವುದಾ? ಅದಕ್ಕಿಂತ ದೊಡ್ಡ ಅಡ್ಡಿ ಸಕ್ಕರೆ. ಮದುವೆಯ ಓಡಾಟ, ಲಾಡು, ನಿದ್ದೆಗೆಟ್ಟದ್ದು ಎಲ್ಲ ಸೇರಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.9 ಬಂತು. "ಇಷ್ಟಿದ್ರೆ ಗಾಯ ಒಣಗಲ್ಲ, ನಾನು ಮುಟ್ಟಲ್ಲ" ಅಂದರು ಡಾಕ್ಟರ್. ಅದನ್ನು ಏಳರ ಕೆಳಗೆ ತರಲು ಒಂಬತ್ತು ತಿಂಗಳು ಹಿಡಿಯಿತು. ಬೆಳಿಗ್ಗೆ ಅಮಾನಿಕೆರೆ ಸುತ್ತುವುದು, ರಾತ್ರಿ ಅನ್ನ ಬಿಡುವುದು.

ಇನ್ನೊಂದನ್ನೂ ಆ ಅವಧಿಯಲ್ಲಿ ಮುಗಿಸಿದೆ. ಬಿಆರ್‌ಸಿಎ ಎಂಬ ಜೀನ್ ಪರೀಕ್ಷೆ. ಆ ಜೀನಿನಲ್ಲಿ ದೋಷ ಇದ್ದರೆ ಇನ್ನೊಂದು ಸ್ತನಕ್ಕೂ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ನನಗೆ ಕಟ್ಟುವುದು ಹೊಟ್ಟೆಯದರಿಂದ. ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಹೀಗೆ ತೆಗೆಯುವುದು ಜೀವನದಲ್ಲಿ ಒಂದೇ ಸಲ. ಮುಂದೆ ಬಲ ಸ್ತನವನ್ನೂ ತೆಗೆಯಬೇಕು ಅಂತಾದರೆ ಎರಡಕ್ಕೂ ಒಟ್ಟಿಗೇ ಕತ್ತರಿಸಬೇಕು. ಒಂದೇ ಪೀಸ್ ಬಟ್ಟೆ, ಲೆಕ್ಕ ಹಾಕಿ ಕತ್ತರಿ ಇಡಬೇಕು. ನನ್ನ ರಿಪೋರ್ಟ್ ನೆಗೆಟಿವ್ ಬಂತು.

ಇನ್ಷೂರೆನ್ಸ್‌ನವರು ಮೊದಲು ಇದು ಕಾಸ್ಮೆಟಿಕ್, ಬರಲ್ಲ ಅಂದರು. ಅಳಿಯ ಪಾಲಿಸಿ ಪುಸ್ತಕ ತಿರುವಿ ಹಾಕಿ ಸಾಲು ಹುಡುಕಿದ. ಕಾಸ್ಮೆಟಿಕ್ ಸರ್ಜರಿ ಕೊಡುವುದಿಲ್ಲ ಎಂದು ಬರೆದಿರುವ ಕಡೆಯೇ, ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರ್ ನಂತರ ಮತ್ತೆ ಕಟ್ಟುವುದಾದರೆ ಆ ಮಾತು ಅನ್ವಯಿಸುವುದಿಲ್ಲ ಎಂದೂ ಇದೆ. ವಿಮಾ ಪ್ರಾಧಿಕಾರ ಎಲ್ಲ ಹೆಲ್ತ್ ಪಾಲಿಸಿಗೂ ಗೊತ್ತುಮಾಡಿದ ಒಕ್ಕಣೆ ಅದು, ಕೋಡ್ ನಂಬರ್ 08. ಅದರ ಕೆಳಗೆ ಗೆರೆ ಎಳೆದು ಕಳಿಸಿದೆವು. ಎರಡನೇ ಸಲ ಒಪ್ಪಿದರು. ನಿಮ್ಮ ಪಾಲಿಸಿಯಲ್ಲೂ ಆ ಸಾಲು ಇರುತ್ತದೆ, ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡು ಓದಿ.

2024ರ ಜುಲೈ, ಆಷಾಢದ ಎರಡನೇ ವಾರ ಸ್ತನ ಕಟ್ಟುವ ಆಪರೇಷನ್‌ಗೆ ದಿನ ಗೊತ್ತಾಯಿತು. ಅತ್ತೆಗೆ ಸಮಾಧಾನವಿಲ್ಲ. "ಆಷಾಢದಲ್ಲಿ ಹೊಸ ಸೀರೆ ಉಡಲ್ಲ, ನೀನು ಹೊಸ ಎದೆ ಹಾಕಿಸ್ಕೋತೀಯೇನೆ?" ಅಂದರು. "ಅತ್ತೆ, ಆಷಾಢ ಬಿಟ್ರೆ ನನಗೆ ರಜೆ ಎಲ್ಲಿದೆ ನೀವೇ ಹೇಳಿ" ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಅದು ಸರಿ, ಬಟ್ಟೆಯೂ ಹಳೇದೇ ಅಲ್ವಾ, ನಿನ್ನ ಹೊಟ್ಟೇದೇ" ಅಂದರು. ನನಗೆ ನಗು ತಡೆಯಲಾಗಲಿಲ್ಲ.

ಕ್ಯಾನ್ಸರ್ ಮರಳದಿರಲಿ ಎಂದು ದಿನಾ ನುಂಗುತ್ತಿದ್ದ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಡಾಕ್ಟರ್ ಕೆಲವು ವಾರ ಮೊದಲೇ ನಿಲ್ಲಿಸಿಸಿದ್ದರು, ರಕ್ತ ಹೆಪ್ಪುಗಟ್ಟಬಾರದು ಎಂದು. ಆಪರೇಷನ್ ಎಂಟು ಗಂಟೆ. ಹೊಟ್ಟೆಯಿಂದ ತೆಗೆದ ತುಂಡಿನ ರಕ್ತನಾಳವನ್ನು ಪಕ್ಕೆಲುಬಿನ ಹತ್ತಿರದ ರಕ್ತನಾಳಕ್ಕೆ ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ನಾಳದ ದಪ್ಪ ಎರಡು ಮೂರು ಮಿಲಿಮೀಟರ್. ಎಷ್ಟನೇ ನಂಬರ್ ದಾರ ಎಂದು ಹಿಂದಿನ ದಿನವೇ ಕೇಳಿದ್ದೆ. ಒಂಬತ್ತು-ಸೊನ್ನೆ, ಕೂದಲಿಗಿಂತ ಸಣ್ಣ ಅಂದರು. ನಮ್ಮ ಮಷೀನಿನ ಸೂಜಿಗೆ ನಂಬರ್ ಏರಿದಷ್ಟೂ ದಪ್ಪ. ಅವರ ದಾರಕ್ಕೆ ಏರಿದಷ್ಟೂ ಸಣ್ಣ.

ಮೊದಲ ಎರಡು ದಿನ ಗಂಟೆಗೊಮ್ಮೆ ನರ್ಸ್ ಬಂದು ಹೊಸ ಚರ್ಮದ ಬಣ್ಣ ನೋಡಿ, ಕೈಯಿಟ್ಟು ಬಿಸಿ ನೋಡಿ, ಪೆನ್ನಿನಂಥ ಡಾಪ್ಲರ್ ಇಟ್ಟು ಸದ್ದು ಕೇಳಿಸಿಕೊಳ್ಳುತ್ತಿದ್ದರು. ಶೂ ಶೂ ಎಂದು ಬಂದರೆ ರಕ್ತ ಓಡುತ್ತಿದೆ ಎಂದು ಲೆಕ್ಕ. ರಾತ್ರಿ ಮೂರು ಗಂಟೆಗೆ ಆ ಸದ್ದಿಗೇ ಎಚ್ಚರಾಗಿ, ಅದು ನಿಂತ ಮೇಲೆ ನಿದ್ದೆ ಬಾರದೆ ಮಲಗಿದ್ದೆ. ಹೊಟ್ಟೆ ಎಳೆಯುತ್ತಿತ್ತು. ಒಂದು ವಾರ ನೆಟ್ಟಗೆ ನಿಲ್ಲಲಾಗದೆ ಅಜ್ಜಿಯ ಹಾಗೆ ಬಾಗಿ ನಡೆದೆ. ಆ ವರ್ಷದ ವರಮಹಾಲಕ್ಷ್ಮಿ ಆರ್ಡರ್ ಎಲ್ಲ ಎದುರಿನ ಅಂಗಡಿಗೆ ಹೋಯಿತು. ಎಂಟು ವಾರ ಭಾರ ಎತ್ತುವ ಹಾಗಿರಲಿಲ್ಲ. ಕಾಲಲ್ಲಿ ತುಳಿಯುವ ಮಷೀನಂತೂ ಇಲ್ಲವೇ ಇಲ್ಲ.

ಈಗ ಹೇಗಿದೆ ಅಂತ ಕೇಳುತ್ತಾರೆ. ಎದೆ ಇದೆ. ಮೆತ್ತಗಿದೆ. ಮುಟ್ಟಿದರೆ ಮಾತ್ರ ಗೊತ್ತಾಗುವುದಿಲ್ಲ. ಇದನ್ನು ಡಾಕ್ಟರ್ ಮೊದಲೇ ಹೇಳಿದ್ದರು, ಆದರೂ ಕೇಳುವುದು ಬೇರೆ, ಅನುಭವಿಸುವುದು ಬೇರೆ. ಬಿಸಿ ಗೊತ್ತಾಗದೆ ಸುಟ್ಟುಕೊಳ್ಳಬಹುದು ಎಂದು ಇಸ್ತ್ರಿ ಪೆಟ್ಟಿಗೆಯ ಹತ್ತಿರ ಬಗ್ಗುವಾಗ ಹುಷಾರಾಗಿರುತ್ತೇನೆ. ಹಳೆಯದು ಬಂತು ಅಂತ ಹೇಳಲಾರೆ. ಬ್ಲೌಸ್ ಜಾರುವುದಿಲ್ಲ. ಮದುವೆ ಮನೆಯಲ್ಲಿ ಬಗ್ಗಿ ಬಡಿಸುತ್ತೇನೆ.

2025ರ ಫೆಬ್ರವರಿಯಲ್ಲಿ ಚೆಕಪ್‌ಗೆ ಹೋದಾಗ ನಾನೇ ಟೇಪ್ ತೆಗೆದು ತೋರಿಸಿದೆ. ಎಡಗಡೆ ಅರ್ಧ ಇಂಚು ಕಮ್ಮಿ. ಡಾಕ್ಟರ್ ನಕ್ಕು, ತೊಡೆಯ ಕೊಬ್ಬನ್ನು ಸ್ವಲ್ಪ ತೆಗೆದು ಸೂಜಿಯಲ್ಲಿ ತುಂಬಬಹುದು, ತೊಟ್ಟನ್ನೂ ಆಗಲೇ ಮಾಡಿಬಿಡಬಹುದು, ಸಣ್ಣ ಕೆಲಸ ಅಂದರು. "ಯಾವಾಗ ಇಟ್ಕೊಳ್ಳೋಣ?"

ಫೋನಿನಲ್ಲಿ ಕ್ಯಾಲೆಂಡರ್ ತೆಗೆದೆ. ಆ ವರ್ಷದ ಆಷಾಢ ಜೂನ್ ಕೊನೆಗೆ ಶುರು. ಮಗಳಿಗೆ ಜುಲೈನಲ್ಲಿ ಹೆರಿಗೆಗೆ ದಿನ ಕೊಟ್ಟಿದ್ದರು, ಬಾಣಂತನ ನಮ್ಮ ಮನೆಯಲ್ಲೇ. "ಈ ಆಷಾಢ ಆಗಲ್ಲ ಮೇಡಂ, ಮುಂದಿನದಕ್ಕೆ ಬರ್ಕೊಳ್ಳಿ" ಅಂದೆ. ಅಲ್ಲಿಯವರೆಗೆ ಎಡಗಡೆಯ ಟಕ್ಕನ್ನು ಅರ್ಧ ಇಂಚು ಕಮ್ಮಿ ಹಿಡಿದು ಹೊಲಿದುಕೊಳ್ಳುತ್ತಿದ್ದೇನೆ.